ಅಕ್ಕನಿಗೊಂದು ಹಾರ

ಹದಿನೆಂಟಾಯಿತೆಂದು ಬಾಲಮಂದಿರ ಹೊರಗೆ ಹಾಕಿದ ಹುಡುಗಿಯರನ್ನು ತನ್ನ ಮನೆಯಲ್ಲಿಟ್ಟುಕೊಂಡ ತಪ್ಪಿಗೆ ಸಮಾಜ ಕಾರ್ಯಕರ್ತೆ ಶಕುಂತಲಕ್ಕನನ್ನು ಇಲಾಖೆ ಕೆಲಸದಿಂದ ತೆಗೆಯಿತು. ಅಕ್ಕ ತೀರಿಕೊಂಡ ಮೇಲೆ ಅದೇ ಇಲಾಖೆ ಶ್ರದ್ಧಾಂಜಲಿ ಸಭೆ ಕರೆಯಿತು.

ಹಾಗೆ ಅಕ್ಕನ ಮನೆ ಸೇರಿ ಉಂಡಿದ್ದ ರೇಣವ್ವನ ಕೈಗೆ ಇಲಾಖೆಯ ಸಾಹೇಬರು ಹಾರ ಕೊಟ್ಟರು. ಅಕ್ಕನನ್ನು ಮಣ್ಣು ಮಾಡಿ ಬಂದಾಗಿನಿಂದ ಅವಳಿಗೆ ಅಳುವೂ ಬಂದಿರಲಿಲ್ಲ, ಹಸಿವೂ ಆಗಿರಲಿಲ್ಲ.

"ಫೋಟೋಕ್ಕ ಹಾಕವಾ, ಪೇಪರಿನವರು ಕಾಯಾಕತ್ತಾರ."

ಅವಳು ಫೋಟೋ ನೋಡುತ್ತಲೇ ನಿಂತಳು.

"ಇದು ಎಲ್ಲಿ ಸಿಕ್ತರಿ, ಸಾಹೇಬ್ರ?"

"ಬಾಲಮಂದಿರದ ಗ್ರೂಪ್ ಫೋಟೋದಾಗಿಂದ ದೊಡ್ಡದು ಮಾಡಿಸೀನಿ. ನಿಮ್ಮಕ್ಕನ್ನ ನಾವು ಮರೀತೀವೇನು? ಹಾಕು."

"ಹಾಕಂಗಿಲ್ರಿ. ಇದು ಅಡಿಗಿ ನೀಲವ್ವನ ಫೋಟೋ. ಅಲ್ಲೇ ಹಿಂದ ಕುಂತು ನೋಡಾಕತ್ತಾಳ."