ಗೊತ್ತಿಲ್ಲದಾಗ ಸಿಕ್ಕ ಮುಖ

ಇನ್ನೂರ ಹದಿನಾಲ್ಕನೆಯ ಫೋಟೊದಲ್ಲಿ ರಹಮತ್ ಬಿ ಕಳ್ಳಿಯನ್ನು ಹಿಡಿದಳು.

“ನಿಲ್ಸು. ದೊಡ್ಡದು ಮಾಡು.”

ಆರ್ಜೂ ಲ್ಯಾಪ್‌ಟಾಪಿನಲ್ಲಿ ಚಿತ್ರವನ್ನು ಹಿಗ್ಗಿಸಿದಳು. ಹಸಿರು ಉಡುಪಿನ ಹುಡುಗಿಯೊಬ್ಬಳು ಟಿಶ್ಯೂ ಕಾಗದದಲ್ಲಿ ಸುತ್ತಿದ ಎರಡು ಜಾಮೂನನ್ನು ಬ್ಯಾಗಿಗೆ ಇಳಿಸುತ್ತಿದ್ದಳು.

“ಇವಳು ಬೇಡ. ಇವತ್ತು ಜಾಮೂನು, ನಾಳೆ ಬೀರು ಬೀಗದ ಕೈ. ಮುಂದಕ್ಕೆ ಹೋಗು.”

ಶಿರಾದ ಮುಸಲ್ಮಾನರ ಮದುವೆಗಳಲ್ಲಿ ಹೆಂಗಸರ ಕಡೆ ಕ್ಯಾಮೆರಾ ಹಿಡಿದು ಓಡಾಡುವವಳು ಆರ್ಜೂ. ಅಲ್ಲಿಗೆ ಗಂಡಸು ಫೋಟೊದವರು ಬರುವಂತಿಲ್ಲ. ಮದುಮಗಳ ಪಕ್ಕ ಸಾಲಾಗಿ ನಿಲ್ಲಿಸಿ ತೆಗೆಯುವ ಫೋಟೊಗಳನ್ನು ಯಾರು ಬೇಕಾದರೂ ತೆಗೆದಾರು. ಉಣ್ಣುವಾಗ, ನಗುವಾಗ, ಚಾಡಿ ಹೇಳುವಾಗ ಯಾರಿಗೂ ತಿಳಿಯದಂತೆ ತೆಗೆಯುವುದರಲ್ಲಿ ಅವಳ ಕೈ ಪಳಗಿತ್ತು. ಮದುವೆ ಮುಗಿದ ವಾರಕ್ಕೆ ಹೆಣ್ಣು ಹುಡುಕುವ ತಾಯಂದಿರು ಒಬ್ಬೊಬ್ಬರಾಗಿ ಅವಳ ನಡುಮನೆಯಲ್ಲಿ ಬಂದು ಕೂರುತ್ತಿದ್ದರು.

ಹೋದ ವಾರದ ಮದುವೆಯಲ್ಲಿ ತಾನೂ ಉಂಡು ಬಂದಿದ್ದ ರಹಮತ್ ಬಿ ಅವರಲ್ಲೆಲ್ಲ ಹಳಬಳು. ಹಿರಿಯ ಮಗನಿಗೆ ಸ್ಟುಡಿಯೊ ಫೋಟೊ ನಂಬಿ ಹೆಣ್ಣು ತಂದು ಕೈಸುಟ್ಟುಕೊಂಡವಳು. ಫೋಟೊದಲ್ಲಿ ಹುಣ್ಣಿಮೆಯ ಚಂದ್ರ; ಮನೆಗೆ ಬಂದ ಮೇಲೆ ಗ್ರಹಣ ಬಿಡಲೇ ಇಲ್ಲ. ವರ್ಷ ತುಂಬುವುದರೊಳಗೆ ಮಗ ಹೆಂಡತಿಯನ್ನು ಕರೆದುಕೊಂಡು ತುಮಕೂರಿನಲ್ಲಿ ಬೇರೆ ಮನೆ ಮಾಡಿದ.

“ಕ್ಯಾಮೆರಾ ಕಂಡ್ರೆ ದೆವ್ವಾನೂ ನಗ್ತದೆ. ಗೊತ್ತಿಲ್ಲದಾಗ ಸಿಕ್ಕಿದ್ದೇ ಅಸಲಿ ಮುಖ” ಎನ್ನುವುದು ಅಂದಿನಿಂದ ಅವಳ ಸಿದ್ಧಾಂತ.

ಕಿರಿಯವನು ಸುಫಿಯಾನ್. ಹೆದ್ದಾರಿ ಪಕ್ಕ ಲಾರಿ ಬ್ಯಾಟರಿ ಅಂಗಡಿ. ಒಂದು ಬೀಡಿ ಸೇದಿದವನಲ್ಲ. ಆದರೆ ವಯಸ್ಸು ಮೂವತ್ತೆರಡಾಗಿ ನೆತ್ತಿಯ ಕೂದಲು ಒಂದೊಂದಾಗಿ ಜಾಗ ಖಾಲಿ ಮಾಡುತ್ತಿತ್ತು. ಎರಡು ಸಂಬಂಧ ಇನ್ನೇನು ಕುದುರಿತು ಎನ್ನುವಾಗ ಕೈತಪ್ಪಿದ್ದವು. ಹುಡುಗ ಒಪ್ಪಿಗೆ, ಮನೆ ಒಪ್ಪಿಗೆ ಎಂದವರು ಆಮೇಲೆ ಫೋನೇ ಎತ್ತಲಿಲ್ಲ. ಅಕ್ಕಪಕ್ಕದವರ ಕಣ್ಣು ಬಿದ್ದಿದೆ ಎಂದು ರಹಮತ್ ಬಿ ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಬಂತೇ ಹೊರತು ಹೆಣ್ಣು ಬರಲಿಲ್ಲ. ಈ ಸಲವೂ ತಪ್ಪಿದರೆ ಮಗ ಒಂಟಿಯಾಗಿಯೇ ಉಳಿದಾನು ಎಂಬ ಭಯ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು.

ಆರ್ಜೂ ಹದಿನೈದಿಪ್ಪತ್ತು ಫೋಟೊಗಳನ್ನು ಸರಸರನೆ ದಾಟಿಸಿದಳು.

“ಯಾಕಮ್ಮ ಓಡಿಸ್ತೀಯ?”

“ಅದರಲ್ಲಿ ಹುಡುಗೀರಿಲ್ಲ ಖಾಲಾ. ವಯಸ್ಸಾದವರು.”

“ಹಂಗಾರೆ ಬುಡು. ಮುದುಕೀರ ಮುಖ ಯಾರಿಗೆ ಬೇಕು?”

ಇನ್ನೂರ ಎಪ್ಪತ್ತೊಂದನೆಯ ಫೋಟೊ ಬಂದಾಗ ರಹಮತ್ ಬಿ ಕನ್ನಡಕ ಒರೆಸಿಕೊಂಡಳು. ಗುಲಾಬಿ ದುಪಟ್ಟಾದ ಹುಡುಗಿಯೊಬ್ಬಳು ಮೂಲೆಯಲ್ಲಿ ಕೂತ ಮುದುಕಿಗೆ ಬಗ್ಗಿ ನೀರು ಕೊಡುತ್ತಿದ್ದಳು. ಮುಂದಿನದರಲ್ಲಿ ಯಾರದೋ ಅಳುವ ಮಗುವನ್ನು ಎತ್ತಿಕೊಂಡಿದ್ದಳು. ಅದರ ಮುಂದಿನದರಲ್ಲಿ, ಎಲ್ಲರೂ ದಾಟಿಕೊಂಡು ಹೋಗುತ್ತಿದ್ದ ಎಂಜಲು ತಟ್ಟೆಯನ್ನು ತೆಗೆಯುತ್ತಿದ್ದಳು. ಒಟ್ಟು ಹನ್ನೊಂದು ಫೋಟೊ. ಒಂದರಲ್ಲೂ ಕಣ್ಣು ಮುಚ್ಚಿರಲಿಲ್ಲ, ಬಾಯಿ ತುಂಬ ತುತ್ತಿರಲಿಲ್ಲ, ದುಪಟ್ಟಾ ಜಾರಿರಲಿಲ್ಲ. ಮುಖದ ಮೇಲೆ ಬೆಳಕು ಬಿದ್ದ ರೀತಿಯೇ ಚೆಂದ.

“ಯಾರಮ್ಮ ಇವಳು?”

“ಮಧುಗಿರಿ ಕರೀಮ್ ಸಾಬರ ಮಗಳು, ಸಾದಿಯಾ.”

“ಮಾಷಾ ಅಲ್ಲಾ. ಯಾರೂ ನೋಡ್ತಿಲ್ಲ ಅಂದ್ರೂ ಹೆಂಗೆ ನಡಕಂಡವಳೆ.” ರಹಮತ್ ಬಿಯ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. “ನೀನೇ ಮಾತಾಡು ಬೇಟಿ.”

“ಮಾತಾಡ್ತೀನಿ. ಆದ್ರೆ ಅವರೂ ಎಲ್ಲಾ ನೋಡಿ ಹೇಳೋ ಜನ.”

“ನೋಡ್ಲಿ ಬುಡು. ನಮ್ಮನೇಲಿ ಮುಚ್ಚಿಡೋದು ಏನೈತೆ?”

ಕರೀಮ್ ಸಾಬರ ಮನೆಯವರು ಬಂದರು. ಅಂಗಡಿ ನೋಡಿದರು, ಮನೆ ನೋಡಿದರು. ಚಹಾ ಕುಡಿಯುವಷ್ಟು ಹೊತ್ತೂ ರಹಮತ್ ಬಿ ಬಾಯಲ್ಲಿ ಬೆಲ್ಲ ಇಟ್ಟುಕೊಂಡೇ ಮಾತಾಡಿದಳು. ಎರಡು ಸಲ ಬಾಯಿಗೆ ಬಂದ ಬುದ್ಧಿವಾದವನ್ನು ಚಹಾದ ಜೊತೆ ನುಂಗಿದಳು. ಹೋಗುವಾಗ ಸಾದಿಯಾಳ ತಾಯಿ ನಗುತ್ತಲೇ ಸಲಾಂ ಹೇಳಿ ಹೋದರು.

ಆಮೇಲೆ ಎಂಟು ದಿನ ಸದ್ದಿಲ್ಲ. ಒಂಬತ್ತನೆಯ ದಿನ ರಹಮತ್ ಬಿ ಚಪ್ಪಲಿ ಮೆಟ್ಟಿಕೊಂಡು ಆರ್ಜೂಳ ಮನೆಗೆ ಬಂದಳು. ಆರ್ಜೂ ಸ್ವಲ್ಪ ಹಿಂದೆಮುಂದೆ ನೋಡಿದಳು. ಕೊನೆಗೆ ಸಾದಿಯಾಳ ತಾಯಿ ಕಳಿಸಿದ್ದ ವಾಯ್ಸ್ ಮೆಸೇಜನ್ನು ಹಾಕಿ ಫೋನನ್ನು ಟೀಪಾಯಿಯ ಮೇಲಿಟ್ಟಳು.

“ಆರ್ಜೂ, ಹುಡುಗ ನಮಗೆ ಒಪ್ಪಿಗೆ. ಮನೇನೂ ಚೆನ್ನಾಗೈತೆ. ಅತ್ತೆ ಆಗೋರ ಫೋಟೊ ನಿಮ್ಮನೇಲಿ ಕೂತು ಹದಿನೇಳೂ ನೋಡಿದ್ವಿ. ಸಾದಿಯಾ ನೀರು ಕೊಟ್ಳಲ್ಲ, ಆ ಮುದುಕೀನ ಊಟದ ಸಾಲಲ್ಲಿ ಮೊಣಕೈಲಿ ತಳ್ಳಿ ಮುಂದೆ ಹೋಗಿರೋದು ಇವರೇ. ಎರಡರಲ್ಲಿ ಬಡಿಸೋಳಿಗೆ ಬೈತಾವ್ರೆ. ಮಿಕ್ಕಿದ್ದರಲ್ಲೆಲ್ಲ ಹುಡುಗೀರನ್ನ ಸಂತೇಲಿ ಕುರಿ ನೋಡ್ದಂಗೆ ನೋಡ್ತಾವ್ರೆ. ಮೊದಲು ಬಂದಿದ್ದ ಎರಡು ಮನೆಯವರೂ ಇಂಥವೇ ಫೋಟೊ ನೋಡಿ ಸುಮ್ಮನಾದ್ರಂತೆ. ನಮಗೇನು ಅವಸರ ಇಲ್ಲ. ಮುಂದಿನ ಭಾನುವಾರ ಕೊರಟಗೆರೆ ಮದುವೆಗೆ ಅವರೂ ಬರ್ತಾರಲ್ಲ, ಆ ಫೋಟೊನೂ ನೋಡಿ ಹೇಳ್ತೀವಿ.”

ರಹಮತ್ ಬಿಯ ಮುಖ ಒಣಮೆಣಸಿನಕಾಯಿಯಾಯಿತು.

“ನನ್ನ ಕೇಳ್ದೆ ನನ್ನ ಫೋಟೊ ಯಾಕಮ್ಮ ತೆಗೆದೆ?”

“ಕೇಳಿ ತೆಗೆದ್ರೆ ಅದು ಅಸಲಿ ಆಗಲ್ವಲ್ಲ ಖಾಲಾ.”

ರಹಮತ್ ಬಿ ಎದ್ದು ಹೋಗೋಣವೆಂದು ಬಾಗಿಲವರೆಗೂ ಹೋದಳು. ಸುಫಿಯಾನನ ನೆತ್ತಿ ನೆನಪಾಯಿತು. ವಾಪಸು ಬಂದು ಕುರ್ಚಿಯನ್ನು ಆರ್ಜೂಳ ಪಕ್ಕಕ್ಕೆ ಎಳೆದುಕೊಂಡು ದನಿ ತಗ್ಗಿಸಿದಳು.

“ಕೊರಟಗೆರೇಲಿ ನೀನು ಯಾವ್ಯಾವಾಗ, ಎಲ್ಲೆಲ್ಲಿ ನಿಂತ್ಕಂಡು ಫೋಟೊ ತೆಗೀತೀಯ, ಮೊದ್ಲೇ ಒಸಿ ಹೇಳ್ಬುಡು ಬೇಟಿ.”

ಆರ್ಜೂ ಲ್ಯಾಪ್‌ಟಾಪ್ ಮುಚ್ಚಿದಳು.

“ಅವತ್ತು ಮದುವೆ ದಿನ ಬೆಳಿಗ್ಗೆ ಸಾದಿಯಾನೂ ಇದನ್ನೇ ಕೇಳಿದ್ಲು ಖಾಲಾ.”