ಹೆತ್ತವರಿಗೂ ಹೇಳಕೂಡದು

ಎಚ್‌ಐವಿ ಕೆಲಸಕ್ಕೆಂದು ಊರಿನ ನಾಲ್ಕು ಸಂಘಗಳು ಒಂದಾದ ದಿನ ಈ ನಿಯಮ ಬರೆಸಿದವಳು ಅವುಗಳಲ್ಲೊಂದರ ಮುಖ್ಯಸ್ಥೆ ನೀಲವ್ವನೇ: ಸೋಂಕಿದ್ದವರ ಹೆಸರನ್ನು ಹೆತ್ತವರಿಗೂ ಹೇಳಕೂಡದು.

ಈಗ ಮಗಳ ಮದುವೆಗೆ ಎಂಟು ದಿನ ಇರುವಾಗ, ಅದೇ ನೀಲವ್ವ ಇನ್ನೊಂದು ಸಂಘದ ಆಪ್ತಸಮಾಲೋಚಕಿ ಶಕೀಲಾಳ ಮುಂದೆ ವರನ ಫೋಟೊ ಇಟ್ಟು ಕೂತಿದ್ದಳು.

"ಈ ಹುಡುಗ ನಿಮ್ಮಲ್ಲಿ ಗುಳಿಗಿಗೆ ಬರತಾನೇನು? ಬಾಯಿಲೆ ಹೇಳಬ್ಯಾಡ, ತಲಿ ಅಲ್ಲಾಡಸು ಸಾಕು."

"ನಿಯಮ ನಿಮ್ಮದ ಐತಿ, ಅಕ್ಕಾರ."

"ಆ ನಿಯಮಕ್ಕ ಬೆಂಕಿ ಹಚ್ಚು. ನಾ ಹೆತ್ತಾಕಿ ಅದೀನಿ."

ಶಕೀಲಾ ಫೋಟೊವನ್ನು ಮೆಲ್ಲಗೆ ಬೋರಲು ಹಾಕಿದಳು. ನೀಲವ್ವ ಅದನ್ನು ಸರಕ್ಕನೆ ಎತ್ತಿಕೊಂಡಳು.

"ಹಂಗಾರ ಖರೇನ?"

"ಮೊನ್ನಿ ಹುಡುಗನ ತಾಯಿನೂ ಹಿಂಗ ನಿಮ್ಮ ಮಗಳ ಫೋಟೊ ಹಿಡಕೊಂಡು ಬಂದು ಅತ್ತರು, ಅಕ್ಕಾರ. ಅವರ ಮುಂದ ನಾ ನಿಮ್ಮ ಮಗಳ ಗುಟ್ಟು ಬಿಟ್ಟುಕೊಡಲಿಲ್ಲ."