ಹೆಸರು ಹಿಡಿದು ಕರೆದ ದನಿ

ತೀರಿಕೊಂಡವರ ಜೊತೆ ದಿನಾ ಹತ್ತು ನಿಮಿಷ ಮಾತು, ಮಾತಾಡುವವರು ನೂರಕ್ಕೆ ನೂರು ನಿಮ್ಮವರೇ ಎಂದು ಮೊಬೈಲ್ ಕಂಪನಿ ಜಾಹೀರಾತು ಕೊಟ್ಟಿತ್ತು. ಊರಿನವರೆಲ್ಲ ಆ ಸೇವೆ ಹಾಕಿಸಿಕೊಂಡಂತೆ ಪುಟ್ಟತಾಯಮ್ಮನೂ ಹಾಕಿಸಿಕೊಂಡಿದ್ದಳು. ಈಗ ಗ್ರಾಹಕರ ವೇದಿಕೆಯಲ್ಲಿ ದೂರು ಹಿಡಿದು ನಿಂತಿದ್ದಳು.

"ದನಿ ನಮ್ಮೆಜಮಾನ್ರದ್ದೇ ಸ್ವಾಮಿ. ಆದ್ರೆ ಹೆಸರು ಹಿಡಿದು ಕರೀತದೆ. ನಲವತ್ತು ವರ್ಷ ಅವರು 'ಇವ್ಳೇ' ಅಂದೋರೇ ಹೊರತು ಒಂದಿನ ನನ್ನ ಹೆಸರು ಹೇಳಿದೋರಲ್ಲ."

ಕಂಪನಿಯ ವಕೀಲ ನಕ್ಕು, "ಅವರನ್ನೇ ಕೇಳಿಬಿಡಿ" ಎಂದು ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದ.

"ಪುಟ್ಟತಾಯಿ, ಊಟ ಆಯ್ತಾ?" ಎಂದಿತು ದನಿ.

"ದೇವರಾಣೆ ನಿಜ ಹೇಳಿ, ನೀವ್ಯಾರು?"

ಆಗ ಫೋನಿನೊಳಗಿಂದ ಬೇರೆಯೇ ಗಂಡಸಿನ ದನಿ ಮೆಲ್ಲಗೆ ಹೇಳಿತು: "ತಪ್ಪಾಯ್ತು ತಾಯಿ. ನಾನೂ ಸತ್ತೋನೇ, ಆದ್ರೆ ಬೇರೆ ಮನೆಯವನು. ನಿಮ್ಮೋರ ದನಿ ಕೊಡೋ ಯಂತ್ರ ಈಗಷ್ಟೇ ಆರಿಸ್ದೆ. ಸ್ವಂತ ಮನೆಯವರ ಜೊತೆ ಇಲ್ಲಿ ಯಾರನ್ನೂ ಮಾತಾಡೋಕೆ ಬಿಡಲ್ಲ. ಮನೆಗೆ ಕರ್ಕೊಂಡು ಹೋಗಿ ಅಂತ ಅತ್ತುಬಿಡ್ತೀವಂತೆ."

ಫೋನ್ ಕಟ್ ಮಾಡಲು ವಕೀಲ ಕೈ ಚಾಚಿದ. ಅಷ್ಟರಲ್ಲಿ ಪುಟ್ಟತಾಯಮ್ಮ ಫೋನನ್ನು ಎತ್ತಿ ಕಿವಿಗೆ ಒತ್ತಿಕೊಂಡಿದ್ದಳು. "ಹಂಗಾದ್ರೆ ನಮ್ಮೋರು ಎಲ್ಲವ್ರೆ?"

"ಇಲ್ಲೇ, ನನ್ನ ಪಕ್ಕದಲ್ಲೇ ಅವ್ರೆ."

ಅವನ ಪಕ್ಕದಿಂದ, ನಲವತ್ತು ವರ್ಷ ಅವಳು ಕೇಳಿದ್ದ ಆ ಗೊಗ್ಗರು ದನಿ ಇನ್ಯಾರನ್ನೋ ವಿಚಾರಿಸುತ್ತಿತ್ತು: "ಜಲಜಾ, ಊಟ ಆಯ್ತಾ?"